ಭಾಷೆ ಬಾರದ ಊರಲ್ಲಿ ಯಾತ್ರೆ: ಮೊದಲು ಕೊಟ್ಟದ್ದನ್ನು ತೆಗೆದುಕೊಳ್ಳಲು ಕಲಿಯಿರಿ

ಪ್ರಶ್ನೆ: ನನಗೆ 61 ವರ್ಷ. ಬ್ಯಾಂಕಿನಿಂದ ನಿವೃತ್ತನಾಗಿದ್ದೇನೆ, ಊರು ಶಿವಮೊಗ್ಗ. ಮಗಳು ಜಪಾನಿನ ಒಸಾಕಾದಲ್ಲಿ ಕೆಲಸದಲ್ಲಿದ್ದಾಳೆ. ಮುಂದಿನ ವರ್ಷ ಅವಳ ಹತ್ತಿರ ಹೋದಾಗ ಶಿಕೋಕು ದ್ವೀಪದ 88 ದೇವಸ್ಥಾನಗಳ ಯಾತ್ರೆಯಲ್ಲಿ ಮೂರು ವಾರ ಒಬ್ಬನೇ ನಡೆಯಬೇಕು ಅಂದುಕೊಂಡಿದ್ದೇನೆ. ಗುಡಿ ನೋಡುವುದಕ್ಕಿಂತ ಅಲ್ಲಿಯ ಜನರ ಜೊತೆ ಬೆರೆಯುವ ಆಸೆ ಜಾಸ್ತಿ. ಆದರೆ ಜಪಾನಿ ಭಾಷೆ ಒಂದಕ್ಷರ ಬರುವುದಿಲ್ಲ. ಅವರು ಮರ್ಯಾದೆಯ ಜನ, ಆದರೆ ಯಾರನ್ನೂ ಹತ್ತಿರ ಬಿಟ್ಟುಕೊಳ್ಳುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ನಾನು ಸಸ್ಯಾಹಾರಿ ಬೇರೆ. ಬೌದ್ಧನಲ್ಲದ ನಾನು ಅಲ್ಲಿ ಪೂಜೆಗೆ ನಿಂತರೆ ತಪ್ಪಾಗುತ್ತದಾ? ಸುಮ್ನೆ ಫೋಟೊ ತೆಗೆದುಕೊಂಡು ಬಂದ ಹಾಗೆ ಆಗಬಾರದು. ಏನು ಮಾಡಬೇಕು?

ಉತ್ತರ: ಜಪಾನಿನವರು ಹತ್ತಿರ ಬಿಟ್ಟುಕೊಳ್ಳುವುದಿಲ್ಲ ಅನ್ನುವ ಮಾತು ಟೋಕಿಯೊ ರೈಲಿನಲ್ಲಿ ನಿಜವಿರಬಹುದು. ಶಿಕೋಕುವಿನ ಹಳ್ಳಿ ರಸ್ತೆಯಲ್ಲಿ ನೀವು ಬಿಳಿ ಅಂಗಿ ಹಾಕಿಕೊಂಡು ನಡೆಯುತ್ತಿದ್ದರೆ, ಎದುರು ಗದ್ದೆಯಲ್ಲಿ ಕಳೆ ಕೀಳುತ್ತಿರುವ ಅಜ್ಜಿ ಎದ್ದು ನಿಂತು ಕೈ ಬೀಸಿ ಕರೆದು ಕಿತ್ತಳೆ ಕೊಡುತ್ತಾಳೆ. ಇದು ಅಪರೂಪದ ಸಂಗತಿಯೇನಲ್ಲ, ಅಲ್ಲಿಯ ರೂಢಿ. ಕನ್ನಡದವರನ್ನು ಈ ದಾರಿಗೆ ಸಿದ್ಧ ಮಾಡಿ ಕಳಿಸುವುದು, ಕೆಲವೊಮ್ಮೆ ಜೊತೆಯಲ್ಲಿ ನಡೆಯುವುದು ನನ್ನ ಕೆಲಸ. ಹೋಗಿ ಬಂದವರಲ್ಲಿ "ಜನ ಸಿಕ್ಕರು" ಅನ್ನುವವರನ್ನೂ "ಯಾರೂ ಸಿಗಲಿಲ್ಲ" ಅನ್ನುವವರನ್ನೂ ನೋಡಿದ್ದೇನೆ. ಇಬ್ಬರಿಗೂ ಭಾಷೆ ಅಷ್ಟಕ್ಕಷ್ಟೇ. ಕೊಟ್ಟದ್ದನ್ನು ಸಲೀಸಾಗಿ ತೆಗೆದುಕೊಳ್ಳಲು ಒಬ್ಬರಿಗೆ ಬರುತ್ತಿತ್ತು, ಇನ್ನೊಬ್ಬರಿಗೆ ಬರುತ್ತಿರಲಿಲ್ಲ. ವ್ಯತ್ಯಾಸ ಅಷ್ಟೇ.

ನಮ್ಮವರಿಗೆ ಇದು ಕಷ್ಟ ಸಾರ್. ಕೊಡುವುದರಲ್ಲಿ ನಾವು ಧಾರಾಳ. ತೆಗೆದುಕೊಳ್ಳುವಾಗ ಮಾತ್ರ ಮೈ ಮುದುಡುತ್ತದೆ. ಅದರಲ್ಲೂ ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿಯೋ ಶಾಲೆಯಲ್ಲಿ ಹೆಡ್‌ಮಾಸ್ಟರ್ ಆಗಿಯೋ ಇದ್ದವರು "ಯಾರ ಹಂಗೂ ಬೇಡ" ಅಂತ ಇಡೀ ದಾರಿಗೆ ರೂಮು ಬುಕ್ ಮಾಡಿ, ಬ್ಯಾಗಿನ ತುಂಬ ಎಂಟಿಆರ್ ಪ್ಯಾಕೆಟ್ ತುಂಬಿಕೊಂಡು, ಫೋನಿನ ನಕ್ಷೆ ನೋಡುತ್ತಾ ತಲೆ ತಗ್ಗಿಸಿ ನಡೆದುಬಿಡುತ್ತಾರೆ. ಯಾರಿಂದಲೂ ಏನೂ ಬೇಕಿಲ್ಲದವರಿಗೆ ಯಾರು ತಾನೇ ಸಿಗುತ್ತಾರೆ?

ಈ ಯಾತ್ರೆ ಹೇಗೆ ನಡೆಯುತ್ತದೆ ಅನ್ನುವುದು ತಿಳಿದರೆ ನಾನು ಹೇಳುವುದು ಅರ್ಥವಾಗುತ್ತದೆ. ಶಿಕೋಕು ಜಪಾನಿನ ನಾಲ್ಕು ದೊಡ್ಡ ದ್ವೀಪಗಳಲ್ಲಿ ಚಿಕ್ಕದು. ಸುತ್ತಲೂ 88 ದೇವಸ್ಥಾನ, ನಡೆದರೆ ಹೆಚ್ಚುಕಡಿಮೆ 1,200 ಕಿಲೋಮೀಟರ್. ಪೂರ್ತಿ ನಡೆಯುವವರಿಗೆ 40ರಿಂದ 60 ದಿನ ಬೇಕು. ಈಗ ಬಹಳಷ್ಟು ಜನ ಬಸ್ಸು, ಕಾರಿನಲ್ಲಿ ಹೋಗುತ್ತಾರೆ, ನಡೆಯುವವರು ಕಡಿಮೆ. ಇಡೀ ಯಾತ್ರೆ ಕೋಬೋ ದಾಯ್ಶಿ ಎಂಬ ಬೌದ್ಧ ಗುರುವಿನ ಸುತ್ತ ಹೆಣೆದದ್ದು. ಅವರ ಇನ್ನೊಂದು ಹೆಸರು ಕೂಕಾಯ್. 774ರಲ್ಲಿ ಇದೇ ದ್ವೀಪದಲ್ಲಿ ಹುಟ್ಟಿದರು, 804ರಲ್ಲಿ ಚೀನಾಕ್ಕೆ ಹೋದರು, ಅಲ್ಲಿ ನಳಂದದಲ್ಲಿ ಓದಿ ಬಂದಿದ್ದ ಪ್ರಜ್ಞಾ ಎಂಬ ಭಿಕ್ಷುವಿನ ಹತ್ತಿರ ಸಂಸ್ಕೃತ ಕಲಿತರು, ವಾಪಸ್ ಬಂದು ಶಿಂಗೋನ್ ಎಂಬ ಬೌದ್ಧ ಪಂಥ ಕಟ್ಟಿದರು. 835ರಲ್ಲಿ ತೀರಿಕೊಂಡರು ಅಂತ ಚರಿತ್ರೆ ಹೇಳುತ್ತದೆ. ಭಕ್ತರು ಒಪ್ಪುವುದಿಲ್ಲ. ಕೋಯಾ ಬೆಟ್ಟದಲ್ಲಿ ಇನ್ನೂ ಧ್ಯಾನದಲ್ಲಿ ಕುಳಿತಿದ್ದಾರೆ, ಶಿಕೋಕುವಿನಲ್ಲಿ ನಡೆಯುವ ಪ್ರತಿ ಯಾತ್ರಿಕನ ಜೊತೆಯಲ್ಲೂ ನಡೆಯುತ್ತಾರೆ ಅಂತ ಅವರ ನಂಬಿಕೆ. ಯಾತ್ರಿಕನ ಟೋಪಿಯ ಮೇಲೆ "ಇಬ್ಬರು ಜೊತೆಯಾಗಿ" ಅಂತ ಬರೆದಿರುತ್ತದೆ. ಒಬ್ಬ ನೀವು, ಇನ್ನೊಬ್ಬರು ದಾಯ್ಶಿ.

ಆದ್ದರಿಂದ ನಿಮಗೆ ಕಿತ್ತಳೆ ಕೊಟ್ಟ ಅಜ್ಜಿ ನಿಮಗೊಬ್ಬರಿಗೇ ಕೊಡುವುದಿಲ್ಲ. ಜೊತೆಯಲ್ಲಿ ಬರುತ್ತಿರುವವರಿಗೂ ಕೊಡುತ್ತಾಳೆ. ಇದಕ್ಕೆ ಅಲ್ಲಿ ಒಸೆತ್ತಾಯ್ ಅನ್ನುತ್ತಾರೆ. ಕಿತ್ತಳೆ, ಅನ್ನದ ಉಂಡೆ, ಬಿಸಿ ಚಹಾ, ಕೈಯಲ್ಲಿ ಹೊಲಿದ ಪುಟ್ಟ ಚೀಲ, 100 ಯೆನ್ ನಾಣ್ಯ, ಮಳೆ ಬಂದಾಗ ಜಗಲಿಯಲ್ಲಿ ಜಾಗ, ಒಮ್ಮೊಮ್ಮೆ ಕಾರಿನಲ್ಲಿ ಡ್ರಾಪ್. ನಮಗೆ ಇದೇನು ಹೊಸದಲ್ಲ ಅಲ್ವಾ? ಯುಗಾದಿಗೆ ಉತ್ತರ ಕರ್ನಾಟಕದಿಂದ ಶ್ರೀಶೈಲಕ್ಕೆ ಪಾದಯಾತ್ರೆ ಹೊರಟವರಿಗೆ ಗಡಿ ದಾಟಿದ ಮೇಲೂ ತೆಲುಗು ಊರುಗಳಲ್ಲಿ ಊಟ, ಮಜ್ಜಿಗೆ ಸಿಗುತ್ತದೆ. ಶಿವರಾತ್ರಿಗೆ ಧರ್ಮಸ್ಥಳಕ್ಕೆ ನಡೆಯುವವರಿಗೆ ಘಾಟಿಯ ಉದ್ದಕ್ಕೂ ಪಾನಕ, ಕಲ್ಲಂಗಡಿ ಕೊಡುತ್ತಾರೆ. ನೀವೂ ಎಲ್ಲಾದರೂ ನಿಂತು ಬಡಿಸಿರಬಹುದು. ಈಗ ಎಲೆಯ ಮುಂದೆ ಕೂರುವ ಸರದಿ ನಿಮ್ಮದು.

ಅಲ್ಲಿ ಒಂದು ನಿಯಮ ಇದೆ. ಒಸೆತ್ತಾಯ್ ಬೇಡ ಅನ್ನುವ ಹಾಗಿಲ್ಲ. ನಮ್ಮ ಕಡೆ ಮೂರು ಸಲ "ಅಯ್ಯೋ ಬೇಡ ಬೇಡ" ಅನ್ನುವುದೇ ಮರ್ಯಾದೆ. ನಾಲ್ಕನೇ ಸಲ ತೆಗೆದುಕೊಳ್ಳುತ್ತೇವೆ, ಕೊಡುವವರಿಗೂ ಅದು ಗೊತ್ತಿರುತ್ತದೆ. ಅಲ್ಲಿ ನೀವು ಮೊದಲ ಸಲ ಬೇಡ ಅಂದಾಗಲೇ ಆ ಅಜ್ಜಿಯ ಮುಖ ಸಣ್ಣದಾಗುತ್ತದೆ, ಕೈ ಹಿಂದೆ ಹೋಗುತ್ತದೆ, ಮುಗಿಯಿತು. ಅದಕ್ಕಿಂತ ಕೆಟ್ಟದ್ದು ಪರ್ಸ್ ತೆಗೆಯುವುದು. ದಯವಿಟ್ಟು ಪರ್ಸಿಗೆ ಕೈ ಹಾಕಬೇಡಿ. ಎರಡೂ ಕೈಯಲ್ಲಿ ತೆಗೆದುಕೊಳ್ಳಿ, ತಲೆ ಬಾಗಿಸಿ, ಕೈ ಮುಗಿಯಿರಿ. ಬಂದರೆ "ನಾಮು ದಾಯ್ಶಿ ಹೆಂಜೋ ಕೊಂಗೋ" ಅಂತ ದಾಯ್ಶಿಗೆ ನಮಿಸುವ ಮಾತನ್ನು ಮೂರು ಸಲ ಹೇಳಿ. ಆಮೇಲೆ ನಿಮ್ಮ ಕಡೆಯಿಂದ ಒಂದು ಚೀಟಿ ಕೊಡಿ.

ಈ ಚೀಟಿಯ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅದರಲ್ಲೇ ಇದೆ. ಹೆಸರು ಒಸಾಮೆಫುದಾ. ಉದ್ದನೆಯ ತೆಳು ಕಾಗದ, ಮೊದಲ ದೇವಸ್ಥಾನದ ಹತ್ತಿರ ಕಟ್ಟುಗಟ್ಟಲೆ ಅಗ್ಗಕ್ಕೆ ಸಿಗುತ್ತದೆ. ಅದರಲ್ಲಿ ಹೆಸರು, ಊರು, ವಯಸ್ಸು, ಒಂದು ಹರಕೆ ಬರೆಯಬೇಕು. ಪ್ರತಿ ದೇವಸ್ಥಾನದಲ್ಲಿ ಮುಖ್ಯ ಗುಡಿಯ ಪೆಟ್ಟಿಗೆಗೆ ಒಂದು, ದಾಯ್ಶಿ ಗುಡಿಯ ಪೆಟ್ಟಿಗೆಗೆ ಒಂದು ಹಾಕುತ್ತಾರೆ. ಒಸೆತ್ತಾಯ್ ಕೊಟ್ಟವರಿಗೂ ಇದನ್ನೇ ಕೊಡುತ್ತಾರೆ. ಯಾತ್ರಿಕರು ತಮ್ಮತಮ್ಮಲ್ಲಿ ಬದಲಾಯಿಸಿಕೊಳ್ಳುವುದೂ ಉಂಟು. ಹೊಸಬರಿಗೆ ಬಿಳಿ ಚೀಟಿ, ಐದನೇ ಸುತ್ತಿನಿಂದ ಹಸಿರು, ಎಂಟರಿಂದ ಕೆಂಪು, 25ರಿಂದ ಬೆಳ್ಳಿ, 50ರಿಂದ ಚಿನ್ನದ ಬಣ್ಣ, ನೂರು ಸುತ್ತು ದಾಟಿದವರಿಗೆ ಜರತಾರಿ ನೇಯ್ಗೆಯದು. ಚಿನ್ನದ ಚೀಟಿಯವರು ಸಿಕ್ಕರೆ ಜನ ನಿಂತು ಕೇಳಿ ಪಡೆಯುತ್ತಾರೆ.

ಹಿಂದೆಲ್ಲ ಊರಿನ ಮನೆಗಳಲ್ಲಿ ಯಾತ್ರಿಕರು ಕೊಟ್ಟ ಚೀಟಿಗಳನ್ನು ಹುಲ್ಲಿನ ಮೂಟೆಯಲ್ಲಿ ತುಂಬಿ ಸೂರಿಗೆ ಕಟ್ಟುತ್ತಿದ್ದರು. ಬೆಂಕಿ, ಕಳ್ಳಕಾಕರು, ಕಾಯಿಲೆ ಹತ್ತಿರ ಬರದಿರಲಿ ಅಂತ. ಅಂದರೆ ನಿಮ್ಮ ಚೀಟಿ ಥ್ಯಾಂಕ್ಸ್ ಕಾರ್ಡ್ ಅಲ್ಲ, ಆ ಮನೆಗೆ ಅದರಿಂದ ಉಪಯೋಗ ಇದೆ. ಅವರು ಕೊಟ್ಟರು, ನೀವೂ ಕೊಟ್ಟಿರಿ, ಲೆಕ್ಕ ಸರಿ ಆಯಿತು ಅನ್ನುವಷ್ಟು ಸರಳವೂ ಅಲ್ಲ. ಎಷ್ಟೋ ಜನ ನಾಣ್ಯ ಕೊಟ್ಟು "ನನ್ನ ಕೈಯಲ್ಲಿ ನಡೆಯಲು ಆಗುವುದಿಲ್ಲ, ನನ್ನ ಪರವಾಗಿ ಮುಂದಿನ ಗುಡಿಯಲ್ಲಿ ಹಾಕಿಬಿಡಿ" ಅನ್ನುತ್ತಾರೆ. ಮಂಡಿ ನೋವಿನ ಅಜ್ಜನ ಹರಕೆ ನಿಮ್ಮ ಜೇಬಿನಲ್ಲಿ ಇರುತ್ತದೆ. ಇದಕ್ಕಿಂತ ಹತ್ತಿರದ ನಂಟು, ಭಾಷೆ ಗೊತ್ತಿದ್ದು ಎರಡು ಗಂಟೆ ಹರಟೆ ಹೊಡೆದರೂ ಆಗುವುದು ಕಷ್ಟ.

ಹೋಗುವ ಮುಂಚೆಯೇ ಮಗಳ ಹತ್ತಿರ ನಿಮ್ಮ ಹೆಸರು, "ಭಾರತ, ಕರ್ನಾಟಕ, ಶಿವಮೊಗ್ಗ" ಅಂತ ಜಪಾನಿ ಲಿಪಿಯಲ್ಲಿ ಬರೆಸಿ ಅಭ್ಯಾಸ ಮಾಡಿ. ಪೂರ್ತಿ ಮನೆ ವಿಳಾಸ ಬೇಡ, ಊರು ಸಾಕು. ಹರಕೆಯನ್ನು ಕನ್ನಡದಲ್ಲೇ ಬರೆಯಿರಿ. ಕನ್ನಡ ಅಕ್ಷರ ನೋಡಿ ಜನ ನಿಂತುಬಿಡುತ್ತಾರೆ, ಇದು ಯಾವ ಲಿಪಿ ಅಂತ ಬೆರಳಿಟ್ಟು ಕೇಳುತ್ತಾರೆ. ಅಲ್ಲಿಂದ ಮಾತು ಶುರುವಾಗುತ್ತದೆ. ಅದಕ್ಕೇ ರಾತ್ರಿ ಮಲಗುವ ಮುಂಚೆ ಮಾರನೇ ದಿನಕ್ಕೆ ಬೇಕಾದಷ್ಟು ಚೀಟಿ ಬರೆದಿಟ್ಟುಕೊಳ್ಳಿ. ರಸ್ತೆಯಲ್ಲಿ ಅಜ್ಜಿಯನ್ನು ನಿಲ್ಲಿಸಿಕೊಂಡು ಪೆನ್ನು ಹುಡುಕುತ್ತಾ ನಿಲ್ಲಬೇಡಿ.

ಬಿಳಿ ಅಂಗಿ ಹಾಕಲೇಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಕಡ್ಡಾಯವೇನಿಲ್ಲ. ಆದರೆ ನೀವು ಹಾಕಿ. ಬೆನ್ನ ಮೇಲೆ ದಾಯ್ಶಿಯ ನಾಮ ಬರೆದ ತೆಳು ಅಂಗಿ, ಹುಲ್ಲಿನ ಟೋಪಿ, ಕೈಯಲ್ಲಿ ಕೋಲು. ಇಷ್ಟಿದ್ದರೆ ನೂರು ಮೀಟರ್ ದೂರದಿಂದಲೇ ನೀವು ಯಾರು ಅಂತ ಊರಿಗೆ ಗೊತ್ತಾಗುತ್ತದೆ. ಟ್ರೆಕ್ಕಿಂಗ್ ಜಾಕೆಟ್ ಹಾಕಿಕೊಂಡರೆ ನೀವು ಬರೀ ಒಬ್ಬ ಫಾರಿನ್ ಮನುಷ್ಯ. ಯಾರಿಗೂ ಮಾತಾಡಿಸಲು ದಾರಿ ಇಲ್ಲ. ಇನ್ನೊಂದು ವಿಷಯ, ಅದು ಸತ್ತವರಿಗೆ ಉಡಿಸುವ ಬಟ್ಟೆಯೂ ಹೌದು. ಹಿಂದೆ ದಾರಿಯಲ್ಲೇ ಸತ್ತರೆ ಹಾಗೇ ಮಣ್ಣು ಮಾಡಿ, ಕೋಲನ್ನೇ ಗುರುತಾಗಿ ನೆಡುತ್ತಿದ್ದರು. ಆ ಕಾಲದಲ್ಲಿ ಕುಷ್ಠರೋಗ ಬಂದು ಮನೆ ಬಿಟ್ಟವರು, ಗತಿ ಇಲ್ಲದವರು ಸಾಯುವವರೆಗೂ ಈ ದಾರಿಯಲ್ಲೇ ಸುತ್ತುತ್ತಾ ಒಸೆತ್ತಾಯ್ ಮೇಲೆ ಬದುಕುತ್ತಿದ್ದರು. ಎಲ್ಲರೂ ನಗುನಗುತ್ತಾ ಕೊಟ್ಟರು ಅಂತಲೂ ಇಲ್ಲ. ದಕ್ಷಿಣದ ತೋಸಾ ಸೀಮೆಯ ಆಡಳಿತ ಯಾತ್ರಿಕರ ಮೇಲೆ ಬಿಗಿ ಹಿಡಿತ ಇಟ್ಟಿತ್ತು, ಇಂಥ ಕಡೆಯಿಂದಲೇ ಬರಬೇಕು, ಇಷ್ಟೇ ದಿನದಲ್ಲಿ ಹೋಗಬೇಕು ಅಂತ ಕಟ್ಟಳೆ ಮಾಡಿತ್ತು. ಇನ್ನೊಂದು ಕಡೆ, ಸಮುದ್ರದ ಆಚೆಯ ವಾಕಾಯಾಮಾದಿಂದ ಜನ ಗುಂಪು ಕಟ್ಟಿಕೊಂಡು ದೋಣಿಯಲ್ಲಿ ಸಾಮಾನು ತುಂಬಿ ತಂದು ಯಾತ್ರಿಕರಿಗೆ ಹಂಚುತ್ತಿದ್ದರು.

ಯಾತ್ರೆಯ ಮೂಲಕಥೆಯೇ ಭಿಕ್ಷೆಯದು. ಎಮೋನ್ ಸಾಬುರೊ ಅಂತ ಇಯೊ ಸೀಮೆಯ ಸಾಹುಕಾರ. ಬಾಗಿಲಿಗೆ ಬಂದ ಭಿಕ್ಷುವನ್ನು ಮತ್ತೆ ಮತ್ತೆ ಓಡಿಸಿದ. ಕೊನೆಗೆ ಹೊಡೆದು ಭಿಕ್ಷಾಪಾತ್ರೆಯನ್ನು ಎಂಟು ಚೂರು ಮಾಡಿದ. ಅವನ ಎಂಟು ಮಕ್ಕಳು ಒಬ್ಬರ ಹಿಂದೆ ಒಬ್ಬರು ಸತ್ತರು. ಬಂದವರು ದಾಯ್ಶಿ ಅಂತ ಆಗ ಹೊಳೆಯಿತು. ಕ್ಷಮೆ ಕೇಳಲು ದ್ವೀಪದ ಸುತ್ತ ನಡೆದ. ಇಪ್ಪತ್ತು ಸುತ್ತು ಹಾಕಿದರೂ ಸಿಗಲಿಲ್ಲ. 21ನೇ ಸಲ ಉಲ್ಟಾ ಹೊರಟ, 12ನೇ ದೇವಸ್ಥಾನದ ಹತ್ತಿರ ಬಿದ್ದುಹೋದ, ಅಲ್ಲಿ ದಾಯ್ಶಿ ಎದುರು ಬಂದರು. ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಅವನ ಹೆಸರು ಬರೆದ ಕಲ್ಲನ್ನು ಕೈಯಲ್ಲಿ ಹಿಡಿದು ಮುಂದೊಂದು ಮಗು ಹುಟ್ಟಿತಂತೆ, 51ನೇ ದೇವಸ್ಥಾನ ಇಶಿತೆ-ಜಿಯಲ್ಲಿ ಆ ಕಲ್ಲು ಇದೆ ಅನ್ನುತ್ತಾರೆ. ಮಾದಪ್ಪ ಜಂಗಮನಾಗಿ ಬೇವಿನಹಟ್ಟಿ ಕಾಳಮ್ಮನ ಬಾಗಿಲಿಗೆ ಭಿಕ್ಷೆಗೆ ಹೋಗುವುದನ್ನು ಕಂಸಾಳೆಯವರ ಬಾಯಲ್ಲಿ ಕೇಳಿದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಕೊಡುವ ಅಜ್ಜಿಯ ಮನಸ್ಸಿನ ಹಿಂದೆ ಈ ಕಥೆ ಇದೆ. ಬಾಗಿಲಿಗೆ ಬಂದವರು ಯಾರೋ ಏನೋ, ಬರಿಗೈಯಲ್ಲಿ ಕಳಿಸಬಾರದು.

ಈಗ ನಿಮ್ಮ ಮೂರು ವಾರ. 88 ಪೂರ್ತಿ ಮಾಡುವ ಆಸೆ ಬಿಟ್ಟುಬಿಡಿ. ತುಂಡುತುಂಡಾಗಿ ನಡೆಯುವುದು ಅಲ್ಲಿ ಮಾನ್ಯ. ಜಪಾನಿನವರೇ ರಜೆ ಸಿಕ್ಕಾಗಲೆಲ್ಲ ಬಂದು ಬಿಟ್ಟ ಜಾಗದಿಂದ ಮುಂದುವರಿಸುತ್ತಾರೆ. ತೊಕುಶಿಮಾ ಜಿಲ್ಲೆಯ 23 ದೇವಸ್ಥಾನ ನಿಧಾನವಾಗಿ ಮುಗಿಸಿ, ಅಲ್ಲಿಂದ 75 ಕಿಲೋಮೀಟರ್ ಸಮುದ್ರದ ದಂಡೆ ಹಿಡಿದು ಮುರೊತೊ ಭೂಶಿರದ 24ನೇ ದೇವಸ್ಥಾನಕ್ಕೆ ಹೋಗಿ. ಕಾಲಲ್ಲಿ ಶಕ್ತಿ ಉಳಿದಿದ್ದರೆ ಅಲ್ಲಿಯ ಕೋಚಿ ನಗರದ ಕಡೆಗೆ ಮುಂದುವರಿಯಿರಿ. ದಿನಕ್ಕೆ 15 ಕಿಲೋಮೀಟರ್ ಸಾಕು. 30 ನಡೆಯುವವರು ಸಂಜೆ ಐದರೊಳಗೆ ಮುಂದಿನ ದೇವಸ್ಥಾನ ಮುಟ್ಟಬೇಕು ಅಂತ ಓಡುತ್ತಿರುತ್ತಾರೆ. ಯಾತ್ರಿಕರ ಪುಸ್ತಕದಲ್ಲಿ ಮುದ್ರೆ ಹಾಕಿ ಬರೆದುಕೊಡುವ ಕಚೇರಿ ಐದಕ್ಕೆ ಮುಚ್ಚುತ್ತದೆ ನೋಡಿ. ಓಡುವವರನ್ನು ಯಾರೂ ಚಹಾಕ್ಕೆ ಕರೆಯುವುದಿಲ್ಲ. ಮಾರ್ಚ್ ಕೊನೆಯಿಂದ ಮೇ ಮೊದಲ ಭಾಗ, ಇಲ್ಲವೇ ಅಕ್ಟೋಬರ್, ನವೆಂಬರ್. ಜೂನಿನ ಮಳೆ, ಸೆಪ್ಟೆಂಬರಿನ ಚಂಡಮಾರುತ ಎರಡೂ ಬೇಡ. 11ರಿಂದ 12ನೇ ದೇವಸ್ಥಾನಕ್ಕೆ ಹೋಗುವ 13 ಕಿಲೋಮೀಟರ್ ಬೆಟ್ಟದ ದಾರಿಗೆ ನಿಮ್ಮ ವಯಸ್ಸಿನಲ್ಲಿ ಇಡೀ ದಿನ ಇಟ್ಟುಕೊಳ್ಳಿ. ಅಲ್ಲಿ ಮಾತ್ರ ಎಲ್ಲರೂ ಎಲ್ಲರನ್ನೂ ಮಾತಾಡಿಸುತ್ತಾರೆ, ಯಾಕೆಂದರೆ ಎಲ್ಲರಿಗೂ ಉಸಿರು ಕಟ್ಟಿರುತ್ತದೆ.

ಮೊದಲ ದೇವಸ್ಥಾನ ರ್ಯೋಜೆನ್-ಜಿ. ನಮ್ಮ ಬಿಹಾರದ ರಾಜಗೃಹದ ಗೃಧ್ರಕೂಟ ಬೆಟ್ಟದಲ್ಲಿ ಬುದ್ಧ ಬೋಧಿಸುತ್ತಿರುವ ದೃಶ್ಯ ಕೂಕಾಯ್ ಅವರಿಗೆ ಅಲ್ಲಿ ಕಂಡಿತು ಅನ್ನುವುದು ಸ್ಥಳಪುರಾಣ. ಅಲ್ಲಿಂದ ಸ್ವಲ್ಪ ನಡೆದರೆ ಬಾಂದೊ ಶಿಬಿರದ ಜಾಗ ಸಿಗುತ್ತದೆ. ಯಾತ್ರೆಗೂ ಇದಕ್ಕೂ ನೇರ ಸಂಬಂಧ ಇಲ್ಲ, ಆದರೂ ನೋಡಿ ಹೋಗಿ. ಮೊದಲ ಮಹಾಯುದ್ಧದಲ್ಲಿ ಸೆರೆ ಸಿಕ್ಕ ಜರ್ಮನ್ ಸೈನಿಕರನ್ನು 1917ರಿಂದ 1920ರವರೆಗೆ ಇಲ್ಲಿ ಇಟ್ಟಿದ್ದರು. ಸೆರೆಯಾಳುಗಳು ಊರಿನವರ ಜೊತೆ ಬೆರೆತರು, ಕಲ್ಲಿನ ಸೇತುವೆ ಕಟ್ಟಿಕೊಟ್ಟರು, 1918ರ ಜೂನ್ 1ರಂದು ಬೀಥೋವನ್‌ನ ಒಂಬತ್ತನೇ ಸಿಂಫನಿ ನುಡಿಸಿದರು. ಏಷ್ಯಾದಲ್ಲಿ ಅದನ್ನು ಪೂರ್ತಿಯಾಗಿ ನುಡಿಸಿದ್ದು ಅದೇ ಮೊದಲು ಅಂತ ಹೇಳುತ್ತಾರೆ. ದಾರಿಹೋಕರನ್ನು ಕೂರಿಸಿ ಚಹಾ ಕೊಟ್ಟು ಅಭ್ಯಾಸವಿದ್ದ ಊರು ಸೆರೆಯಾಳುಗಳನ್ನೂ ಅತಿಥಿಗಳ ಹಾಗೆ ನೋಡಿತು ಅಂತ ಅಲ್ಲಿಯವರೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

ಉಳಿಯುವುದು ಮಿನ್‌ಶುಕುಗಳಲ್ಲಿ ಇರಲಿ. ಮನೆಯವರೇ ನಡೆಸುವ ಸಣ್ಣ ತಂಗುಮನೆ ಇದು, ಎರಡು ಊಟ ಸೇರಿ 7,000ದಿಂದ 10,000 ಯೆನ್ ಆಸುಪಾಸು. ಬಿಸಿನೆಸ್ ಹೋಟೆಲ್ ಆರಾಮ ಹೌದು, ಆದರೆ ಅಲ್ಲಿ ನಿಮಗೆ ಸಿಗುವುದು ಒಂದು ಕೀ ಕಾರ್ಡು ಮಾತ್ರ. ಮಿನ್‌ಶುಕುವಿನಲ್ಲಿ ಸಂಜೆ ನಾಲ್ಕರ ಹೊತ್ತಿಗೆ ಹೋದರೆ ಮೊದಲು ನಿಮ್ಮ ಕೋಲಿನ ತುದಿ ತೊಳೆಯುತ್ತಾರೆ, ಯಾಕೆಂದರೆ ಅದು ದಾಯ್ಶಿಯ ಪಾದ. ಆಮೇಲೆ ಸ್ನಾನ. ಆರು ಗಂಟೆಗೆ ಎಲ್ಲ ಯಾತ್ರಿಕರೂ ಒಂದೇ ಕೋಣೆಯಲ್ಲಿ ಊಟಕ್ಕೆ ಕೂರುತ್ತಾರೆ. ನೀವು ಹುಡುಕುತ್ತಿರುವ ಜಾಗ ಇದೇ. ಮೊದಲ ಹತ್ತು ನಿಮಿಷ ಯಾರೂ ಮಾತಾಡದಿರಬಹುದು, ಗಾಬರಿ ಬೇಡ, ಜಪಾನಿನವರಿಗೆ ಮೌನ ಮುಜುಗರವಲ್ಲ. ಆಮೇಲೆ ಯಾರೋ ನಕ್ಷೆ ತೆಗೆಯುತ್ತಾರೆ. ನಾಳೆ ಎಷ್ಟು ದೂರ, ಎಲ್ಲಿ ನೀರು ಸಿಗುತ್ತದೆ, ಎಲ್ಲಿ ಅಂಗಡಿ ಮುಚ್ಚಿದೆ ಅನ್ನುವ ಮಾತು ಬೆರಳಲ್ಲೇ ನಡೆಯುತ್ತದೆ. ಬೊಬ್ಬೆ ಬಂದ ಪಾದ ತೋರಿಸಿದರೆ ಮುಗಿಯಿತು, ನಾಲ್ಕು ಕಡೆಯಿಂದ ಮುಲಾಮು ಬರುತ್ತದೆ.

ಮೂರು ವಾರದ ರೂಮನ್ನು ಇಲ್ಲಿಂದಲೇ ಬುಕ್ ಮಾಡಬೇಡಿ. ಮೊದಲ ಎರಡು ಮೂರು ರಾತ್ರಿ ಸಾಕು. ಮುಂದಿನದನ್ನು ಆಯಾ ಮನೆಯ ಯಜಮಾನಿಯೇ ಫೋನ್ ಮಾಡಿ ಹೇಳಲಿ. ನೀವು ಕೈ ಮುಗಿದು ಮುಂದಿನ ಊರಿನ ಹೆಸರು ತೋರಿಸಿ, ಅಷ್ಟೇ. ಆಕೆ ಫೋನಿನಲ್ಲಿ "ಭಾರತದಿಂದ ಬಂದಿದ್ದಾರೆ, ಮೀನು ತಿನ್ನುವುದಿಲ್ಲ, ಕಾಲಿಗೆ ಪೆಟ್ಟಾಗಿದೆ, ನಿಧಾನಕ್ಕೆ ಬರುತ್ತಾರೆ" ಅಂತ ಪೂರ್ತಿ ಜಾತಕ ಹೇಳಿಬಿಡುತ್ತಾರೆ. ಮಾರನೇ ದಿನ ಆ ಮನೆ ಮುಟ್ಟುವ ಹೊತ್ತಿಗೆ ನೀವು ಅಪರಿಚಿತರಲ್ಲ. ಆದರೆ ಒಂದು ಎಚ್ಚರಿಕೆ. ಹೇಳಿಸಿದ ಮೇಲೆ ಹೋಗದೆ ಇರಬಾರದು. ಆಗುವುದಿಲ್ಲ ಅಂತಾದರೆ ಯಾರಿಂದಲಾದರೂ ಫೋನ್ ಮಾಡಿಸಿ ತಿಳಿಸಿ. ಈ ಮನೆಗಳನ್ನು ನಡೆಸುವವರಿಗೆ ವಯಸ್ಸಾಗಿದೆ, ಮಕ್ಕಳು ಒಸಾಕಾ, ಟೋಕಿಯೊ ಸೇರಿದ್ದಾರೆ, ಒಂದೊಂದಾಗಿ ಬಾಗಿಲು ಹಾಕುತ್ತಿವೆ. ನಮ್ಮ ಮಲೆನಾಡಿನ ಒಂಟಿ ಮನೆಗಳ ಪರಿಸ್ಥಿತಿ ನೋಡಿದ ನಿಮಗೆ ಇದನ್ನು ಹೆಚ್ಚು ಹೇಳಬೇಕಿಲ್ಲ. ನಿಮ್ಮ ಮಗಳ ವಯಸ್ಸಿನವರು ಆ ಊರುಗಳಲ್ಲಿ ಕಾಣುವುದೇ ಕಡಿಮೆ. "ಮಗಳು ಒಸಾಕಾದಲ್ಲಿ" ಅನ್ನುವ ಎರಡು ಪದ ಕಲಿತುಕೊಂಡು ಹೋಗಿ, ಎಷ್ಟು ಬಾಗಿಲು ತೆರೆಯುತ್ತವೆ ನೋಡಿ. ಪಕ್ಕದಲ್ಲಿ ಕೂತ ತಾಯಿಯ ಮಗಳೂ ಅಲ್ಲೇ ಇರುತ್ತಾಳೆ.

ಊಟದ ವಿಷಯ ಕಷ್ಟವೇ, ಸುಳ್ಳು ಹೇಳುವುದಿಲ್ಲ. ಮೀನು ಕಾಣದ ಸಾರಿನಲ್ಲೂ ಒಣಮೀನಿನ ರಸ ಇರುತ್ತದೆ, ದ್ವೀಪದ ಕಗಾವಾ ಜಿಲ್ಲೆಯ ಉದೊನ್ ಶಾವಿಗೆಯ ಸಾರಿನಲ್ಲೂ ಅದೇ. ನಿಮ್ಮ ಗೆರೆ ಎಲ್ಲಿ ಅಂತ ಹೋಗುವ ಮುಂಚೆಯೇ ತೀರ್ಮಾನ ಮಾಡಿಕೊಳ್ಳಿ. ಕಣ್ಣಿಗೆ ಕಾಣುವ ಮೀನು, ಮಾಂಸ ಬಿಟ್ಟರೆ ಸಾಕು ಅನ್ನುವವರಿಗೆ ದಾರಿ ಸುಲಭ. ರಸವೂ ಆಗದು ಅನ್ನುವವರು ಅನ್ನ, ಉಪ್ಪಿನಕಾಯಿ, ತೋಫು, ಹಣ್ಣು, ನೀವು ಒಯ್ದ ಚಟ್ನಿಪುಡಿಯ ಮೇಲೆ ಬಹಳ ದಿನ ಕಳೆಯಬೇಕು. ಕೆಲವು ದೇವಸ್ಥಾನಗಳಲ್ಲಿ ಯಾತ್ರಿಕರಿಗೆ ಉಳಿಯುವ ವ್ಯವಸ್ಥೆ ಇದೆ, ಮೊದಲೇ ಹೇಳಿದರೆ ಭಿಕ್ಷುಗಳ ಸಸ್ಯಾಹಾರ ಮಾಡಿಕೊಡುವುದುಂಟು. ಮಗಳಿಂದ ಜಪಾನಿಯಲ್ಲಿ ಒಂದು ಕಾರ್ಡ್ ಬರೆಸಿ. "ತಿನ್ನುವುದಿಲ್ಲ" ಅನ್ನುವ ಪಟ್ಟಿಗಿಂತ "ಅನ್ನ, ತರಕಾರಿ, ತೋಫು ಇಷ್ಟು ಕೊಟ್ಟರೆ ಸಂತೋಷ" ಅಂತ ಇರಲಿ. ಅಡುಗೆ ಮಾಡುವವರಿಗೆ ಏನು ಬೇಡ ಅನ್ನುವುದಕ್ಕಿಂತ ಏನು ಕೊಡಬಹುದು ಅನ್ನುವುದು ಮುಖ್ಯ.

ದಾರಿಯಲ್ಲಿ ಯಾರಾದರೂ ಮೀನು ಇಟ್ಟ ಅನ್ನದುಂಡೆ ಕೊಟ್ಟರೆ? ತೆಗೆದುಕೊಳ್ಳಿ, ಕೈ ಮುಗಿಯಿರಿ, ಚೀಟಿ ಕೊಡಿ, ಚೀಲದಲ್ಲಿ ಇಟ್ಟುಕೊಂಡು ಮುಂದೆ ಸಿಗುವ ಯಾತ್ರಿಕನಿಗೆ ಕೊಡಿ. ಬಿಸಾಡಬೇಡಿ. ಕಾರಿನಲ್ಲಿ ಬನ್ನಿ ಅಂದಾಗ ಮಾತ್ರ, ಪೂರ್ತಿ ನಡೆಯುವ ಹರಕೆ ಇದೆ ಅಂತ ತಿಳಿಸಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ನಿಮಗೆ ಅಂಥ ಹರಕೆ ಇಲ್ಲದಿದ್ದರೆ ಹತ್ತಿಬಿಡಿ. ಮಳೆಯಲ್ಲಿ ಸಿಕ್ಕ ಅರ್ಧ ಗಂಟೆಯ ಕಾರು ಪ್ರಯಾಣದಲ್ಲಿ ಆದ ಪರಿಚಯಗಳನ್ನೇ ಬಹಳ ಜನ ನೆನೆಸಿಕೊಳ್ಳುತ್ತಾರೆ.

ಪೂಜೆಗೆ ನಿಂತರೆ ತಪ್ಪೇನೂ ಇಲ್ಲ, ನಿಮ್ಮ ಮತ ಯಾರೂ ಕೇಳುವುದಿಲ್ಲ. ಬಾಗಿಲಲ್ಲಿ ಬಾಗಿ ನಮಸ್ಕರಿಸಿ, ಕೈ ಬಾಯಿ ತೊಳೆದು, ಗಂಟೆ ಹೊಡೆಯಿರಿ. ಹೊರಡುವಾಗ ಮಾತ್ರ ಹೊಡೆಯಬಾರದು, ಅಪಶಕುನ ಅನ್ನುತ್ತಾರೆ. ಮೇಣದಬತ್ತಿ, ಮೂರು ಊದುಬತ್ತಿ, ಚೀಟಿ, ನಾಣ್ಯ, ಆಮೇಲೆ ಹೃದಯಸೂತ್ರ ಅನ್ನುವ ಪುಟ್ಟ ಬೌದ್ಧ ಸೂತ್ರ. ಜಪಾನಿ ಉಚ್ಚಾರದಲ್ಲಿ ಪಠಿಸುತ್ತಾರೆ, ಸುಮ್ಮನೆ ಪಕ್ಕದಲ್ಲಿ ನಿಂತಿರಿ. ಕೊನೆಗೆ "ಗ್ಯಾತೆಯ್ ಗ್ಯಾತೆಯ್ ಹರಗ್ಯಾತೆಯ್" ಅಂತ ಬಂದಾಗ ನಿಮ್ಮ ಕಿವಿ ನೆಟ್ಟಗಾಗುತ್ತದೆ. "ಗತೇ ಗತೇ ಪಾರಗತೇ", ಅದೇ. ಅಷ್ಟನ್ನು ನೀವೂ ದನಿಗೂಡಿಸಬಹುದು. ಶಿಂಗೋನ್ ದೇವಸ್ಥಾನಗಳಲ್ಲಿ ಹೋಮವೂ ನಡೆಯುತ್ತದೆ, ಅಗ್ನಿಗೆ ಕಟ್ಟಿಗೆ ಹಾಕುತ್ತಾ ಮಂತ್ರ ಹೇಳುವುದನ್ನು ನೋಡಿದರೆ ನಿಮಗೆ ನಮ್ಮೂರಿನ ಗಣಹೋಮದ ಪಕ್ಕ ನಿಂತ ಹಾಗೇ ಅನ್ನಿಸಬಹುದು.

ಇಲ್ಲೇ ನಮ್ಮವರು ಕೆಡಿಸಿಕೊಳ್ಳುವುದು. "ಇದೆಲ್ಲ ನಮ್ಮಿಂದಲೇ ಹೋದದ್ದು" ಅಂತ ಶುರು ಮಾಡುತ್ತಾರೆ. ಹೋದದ್ದು ನಿಜ, ಅವರಿಗೂ ಗೊತ್ತು, ವಯಸ್ಸಾದ ಭಕ್ತರಿಗೆ ಭಾರತ ಅಂದರೆ ಬುದ್ಧನ ನಾಡು, ನಿಮ್ಮನ್ನು ನೋಡಿ ಕೈ ಮುಗಿಯುವವರೂ ಇದ್ದಾರೆ. ಆದರೆ ಸಾವಿರದ ಇನ್ನೂರು ವರ್ಷ ಅದನ್ನು ಕಾಪಾಡಿಕೊಂಡು ಬಂದವರು ಅವರು. ದಿನಾ ಬೆಳಗ್ಗೆ ಹೃದಯಸೂತ್ರ ಹೇಳುವ ಅಜ್ಜನಿಗೆ ನೀವು ಸಂಸ್ಕೃತದ ಸರಿ ಉಚ್ಚಾರ ಕಲಿಸಲು ಹೋದರೆ ಆತ ನಗುತ್ತಾ ತಲೆಯಾಡಿಸಿ ಎದ್ದು ಹೋಗುತ್ತಾನೆ. ಕೇಳಿದರೆ ಹೇಳಿ. ಕೇಳದಿದ್ದರೆ ಬೇಡ. ಕೊಡುವ ಆಸೆ ತಡೆಯಲು ಆಗದಿದ್ದರೆ ಮೈಸೂರಿನ ಗಂಧದ ಊದುಬತ್ತಿಯ ಸಣ್ಣ ಪೊಟ್ಟಣಗಳನ್ನು ಒಯ್ಯಿರಿ. ತಂಗುಮನೆಯ ಯಜಮಾನಿಗೆ, ಊಟಕ್ಕೆ ಜೊತೆ ಕೂತವರಿಗೆ ಕೊಡಬಹುದು. ಹಗುರ, ಉಪಯೋಗಕ್ಕೂ ಬರುತ್ತದೆ. ರೂಮಿನಲ್ಲಿ ಮಾತ್ರ ಹಚ್ಚಬೇಡಿ, ಚಾಪೆ ಸುಟ್ಟರೆ ಕಷ್ಟ.

ಅನುವಾದದ ಆ್ಯಪ್ ಇರಲಿ, ಆದರೆ ಅದನ್ನು ಮುಖಕ್ಕೆ ಹಿಡಿಯಬೇಡಿ. ಔಷಧ, ಬಸ್ಸು, ಅಲರ್ಜಿ ಇಂಥದ್ದಕ್ಕೆ ಸಾಕು. ಪ್ರಾರ್ಥನೆ ಮಾಡುತ್ತಿರುವವರ ಫೋಟೊ, ಬಾಗಿಲಲ್ಲಿ ಭಿಕ್ಷೆಗೆ ನಿಂತ ಯಾತ್ರಿಕರ ಫೋಟೊ ಬೇಡವೇ ಬೇಡ. ಅವರು ಯಾವ ದುಃಖ ಹೊತ್ತು ಬಂದಿದ್ದಾರೋ ಗೊತ್ತಿಲ್ಲ. ಮಗ ತೀರಿಹೋದವರು, ಗಂಡನ ಫೋಟೊ ಚೀಲದಲ್ಲಿಟ್ಟು ನಡೆಯುವವರು, ಕೆಲಸ ಹೋದವರು ಎಲ್ಲ ಇರುತ್ತಾರೆ. ಹಾಗಾಗಿ "ಯಾಕೆ ನಡೆಯುತ್ತಿದ್ದೀರಿ" ಅಂತ ಮೊದಲ ದಿನವೇ ಕೇಳಬೇಡಿ. ನಮ್ಮ ರೈಲಿನಲ್ಲಿ ಕೇಳುವ ಹಾಗೆ ಸಂಬಳ, ಮದುವೆ, ಮಕ್ಕಳು ಎಷ್ಟು ಅಂತಲೂ ಬೇಡ. ಅವರೇ ಹೇಳಿದರೆ ಕೇಳಿಸಿಕೊಳ್ಳಿ, ಅರ್ಥವಾಗದಿದ್ದರೂ ಕೇಳಿಸಿಕೊಳ್ಳಿ. ಭಾಷೆ ಬಾರದವರ ಮುಂದೆ ಮನಸ್ಸು ಬಿಚ್ಚುವುದು ಕೆಲವರಿಗೆ ಸುಲಭ. ಒಂಟಿಯಾಗಿ ಇರಬೇಕು ಅಂತಲೇ ಬಂದವರೂ ಇದ್ದಾರೆ, ಅಂಥವರು ಒಮ್ಮೆ ತಲೆಬಾಗಿಸಿ ಮುಂದೆ ಹೋಗುತ್ತಾರೆ. ಹೋಗಲಿ ಬಿಡಿ.

ಎಲ್ಲರೂ ಕಿತ್ತಳೆ ಕೊಡುತ್ತಾರೆ ಅಂತ ನಂಬಿಸಲು ನನಗೆ ಇಷ್ಟವಿಲ್ಲ. 2014ರಲ್ಲಿ ದಾರಿಬದಿಯ ತಂಗುಗುಡಿಸಲುಗಳಲ್ಲಿ ಕೊರಿಯಾದವರನ್ನು ಓಡಿಸಿ ಅನ್ನುವ ಅರ್ಥದ ಚೀಟಿಗಳನ್ನು ಅಂಟಿಸಿದ್ದರು. ಪತ್ರಿಕೆಗಳಲ್ಲಿ ಸುದ್ದಿಯಾಗಿ ಊರಿನವರೇ ಬೇಸರ ಪಟ್ಟುಕೊಂಡರು. ವಿದೇಶಿಯರಿಗೆ ರೂಮು ಕೊಡಲು ಹಿಂಜರಿಯುವ ಮನೆಗಳೂ ಉಂಟು. ಹಲವು ಸಲ ಕಾರಣ ದ್ವೇಷವಲ್ಲ, ಫೋನಿನಲ್ಲಿ ಏನು ಮಾತಾಡಬೇಕು ಅನ್ನುವ ಭಯ. ಅದಕ್ಕೇ ಹಿಂದಿನ ಮನೆಯ ಯಜಮಾನಿಯ ಫೋನ್ ಅಷ್ಟು ಮುಖ್ಯ.

ಕೊನೆಗೆ, ಪರಿಚಯ ಆದವರ ಜೊತೆ ನಂಟು ಇಟ್ಟುಕೊಳ್ಳುವ ವಿಷಯ. ವಾಟ್ಸ್ಆ್ಯಪ್ ಅಲ್ಲಿ ಹೆಚ್ಚಿನವರ ಹತ್ತಿರ ಇಲ್ಲ, ಲೈನ್ ಅನ್ನುವ ಆ್ಯಪ್ ಹಾಕಿಕೊಳ್ಳಿ. ವಯಸ್ಸಾದವರಿಗೆ ಅದೂ ಬೇಡ, ಅವರು ಕೊಟ್ಟ ಚೀಟಿಯಲ್ಲೋ ತಂಗುಮನೆಯ ಕಾರ್ಡಿನಲ್ಲೋ ವಿಳಾಸ ಇದ್ದರೆ ಹೊಸ ವರ್ಷಕ್ಕೆ ಒಂದು ಪೋಸ್ಟ್‌ಕಾರ್ಡ್ ಹಾಕಿ. ಜಪಾನಿನಲ್ಲಿ ಜನವರಿ 1ರಂದು ಕಾರ್ಡು ಬರುವುದಕ್ಕೆ ಬಹಳ ಬೆಲೆ ಇದೆ. ಮನೆಯಲ್ಲಿ ಆ ವರ್ಷ ಸಾವಾಗಿದೆ ಅಂತ ಗೊತ್ತಿದ್ದರೆ ಮಾತ್ರ ಕಳಿಸಬಾರದು. ವಿಳಾಸವನ್ನು ಮಗಳು ಬರೆಯಲಿ, ಒಳಗಿನ ಎರಡು ಸಾಲು ಕನ್ನಡದಲ್ಲಿ ನೀವು ಬರೆಯಿರಿ. ಶಿವಮೊಗ್ಗದಿಂದ ಹಾಕುವುದಾದರೆ ಡಿಸೆಂಬರ್ ಮೊದಲ ವಾರವೇ ಹಾಕಿಬಿಡಿ, ಇಲ್ಲವೇ ಎಲ್ಲವನ್ನೂ ಒಂದು ಕವರಿನಲ್ಲಿ ಮಗಳಿಗೆ ಕಳಿಸಿ, ಅವಳು ಅಲ್ಲಿಯ ಅಂಚೆ ಡಬ್ಬಿಗೆ ಹಾಕುತ್ತಾಳೆ.